ಬಿಟ್ಟ ಮೇಲಿನ ಮೂರನೇ ರಾತ್ರಿ

ನ್ಯಾಮತಿ ಸೀಮೆಯಲ್ಲಿ ಕುಡಿತ ಬಿಡಬೇಕೆಂದು ಹೊರಟವನಿಗೆ ದಾರಿಗಳ ಬರವಿಲ್ಲ. ತುಂಗಭದ್ರೆಯ ದಡದ ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಮುಂದೆ ಆಣೆ ಮಾಡಬಹುದು. ಕಾರ್ತಿಕ ಬಂದಾಗ ಅಯ್ಯಪ್ಪನ ಮಾಲೆ ಹಾಕಿಕೊಳ್ಳಬಹುದು. ಧರ್ಮಸ್ಥಳ ಸಂಘದವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೆಸರು ಬರೆಸಬಹುದು. ಬಸ್ಸು ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ಜಿಲ್ಲೆ ದಾವಣಗೆರೆಯಾದರೂ ಇಲ್ಲಿಯವರಿಗೆ ಹತ್ತಿರದ ದೊಡ್ಡಾಸ್ಪತ್ರೆ ಅದೇ. ಗೋಡೆಯ ಮೇಲಿನ ಜಾಹೀರಾತು ನೋಡಿ ಪುಡಿ ತರಿಸಬಹುದು. ಇದಾವುದೂ ಬೇಡ, ಇವತ್ತಿಂದ ಮುಟ್ಟಲ್ಲ ಎಂದು ಮನೆಯಲ್ಲೇ ಕೂರಲೂಬಹುದು.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಮನೆಯವರು ಕೇಳುತ್ತಾರೆ. ವಿಜ್ಞಾನದ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಬಿಟ್ಟ ಮೊದಲ ವಾರದ ಮಟ್ಟಿಗೆ ಈ ದಾರಿಗಳ ನಡುವೆ ಸಾವು ಬದುಕಿನಷ್ಟು ಅಂತರವಿದೆ. ಆಮೇಲಿನ ವರ್ಷದ ಮಟ್ಟಿಗೆ ನಾವು ಅಂದುಕೊಂಡಷ್ಟು ಅಂತರವಿಲ್ಲ. ನಮ್ಮ ರೂಢಿ ಇದಕ್ಕೆ ಸರಿಯಾಗಿ ತಿರುವುಮುರುವು. ಮೊದಲ ವಾರವನ್ನು ಕುಡುಕನ ಮನೋಬಲಕ್ಕೆ ಬಿಟ್ಟುಬಿಡುತ್ತೇವೆ, ಆಮೇಲೆ ಶಿಬಿರ ಮೇಲೋ ಮಾತ್ರೆ ಮೇಲೋ ದೇವರು ಮೇಲೋ ಎಂದು ವರ್ಷಗಟ್ಟಲೆ ವಾದ ಮಾಡುತ್ತೇವೆ.

ಮೊದಲ ವಾರದ ಲೆಕ್ಕವನ್ನು ಒಂದು ನೈಂಟಿಯಿಂದ ಶುರು ಮಾಡೋಣ. ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಅದರ ತೂಕ ಸುಮಾರು 30 ಗ್ರಾಂ. ಯಕೃತ್ತು ಗಂಟೆಗೆ ಕರಗಿಸಬಲ್ಲದ್ದು 7ರಿಂದ 10 ಗ್ರಾಂ. ದಿನಕ್ಕೆ ನಾಲ್ಕು ನೈಂಟಿ ಇಳಿಸುವ ಕೂಲಿಯಾಳಿನ ದೇಹ ಅದನ್ನು ಹೊರಹಾಕಲು ಹನ್ನೆರಡು ಗಂಟೆಗೂ ಹೆಚ್ಚು ದುಡಿಯಬೇಕು. ರಾತ್ರಿ ಒಂಬತ್ತಕ್ಕೆ ಕೊನೆಯ ಗುಟುಕು ಕುಡಿದವನ ರಕ್ತದಲ್ಲಿ ಬೆಳಗಿನ ಹೊತ್ತಿಗೆ ಮಟ್ಟ ಇಳಿಯುತ್ತಾ ಬಂದಿರುತ್ತದೆ, ಕೈ ನಡುಗತೊಡಗುತ್ತದೆ. 'ಬೆಳಗ್ಗೆ ಒಂದು ಬೀಳದಿದ್ರೆ ಕೈ ನಿಲ್ಲಲ್ಲ' ಎಂಬ ಮಾತು ನೆಪವಲ್ಲ. ಅಷ್ಟು ಹೊತ್ತಿಗೆ ಅದು ಶರೀರಶಾಸ್ತ್ರವೇ ಆಗಿರುತ್ತದೆ.

ಮಿದುಳಿನಲ್ಲಿ ನರಕೋಶಗಳನ್ನು ತಣ್ಣಗಿಡುವ ಒಂದು ರಾಸಾಯನಿಕವಿದೆ, ಗಾಬಾ. ಕೆರಳಿಸುವ ಇನ್ನೊಂದಿದೆ, ಗ್ಲುಟಮೇಟ್. ಆಲ್ಕೋಹಾಲ್ ಗಾಬಾದ ಕೈ ಬಲಪಡಿಸುತ್ತದೆ, ಗ್ಲುಟಮೇಟಿನ ಬಾಯಿ ಮುಚ್ಚಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ. ಗಾಬಾಕ್ಕೆ ತಾನು ಓಗೊಡುವುದನ್ನು ಕಡಿಮೆ ಮಾಡಿಕೊಂಡು, ಗ್ಲುಟಮೇಟನ್ನು ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ಸಮಕ್ಕೆ ಸಮ ನಿಲ್ಲುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಏನಾಗುತ್ತಾರೋ, ಕುಡಿತ ಒಮ್ಮೆಲೇ ನಿಂತಾಗ ಮಿದುಳಿಗೆ ಅದೇ ಆಗುತ್ತದೆ. ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ನಿದ್ದೆಗೇಡು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್. ಎರಡನೆಯ ದಿನ ಕಳೆದು ನಾಲ್ಕನೆಯ ದಿನದೊಳಗೆ, ಎಂದರೆ ಮೂರನೆಯ ರಾತ್ರಿಯ ಆಸುಪಾಸಿನಲ್ಲಿ, ಇನ್ನೂ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ. ಗೋಡೆಯ ಮೇಲೆ ಹುಳ ಹರಿಯುತ್ತವೆ, ಯಾರೋ ಕರೆಯುತ್ತಾರೆ, ತಾನೆಲ್ಲಿದ್ದೇನೆಂಬುದೇ ಗೊತ್ತಿಲ್ಲ, ಮೈ ಕಾದು ಎದೆ ಹೊಡೆದುಕೊಳ್ಳುತ್ತದೆ. ಮನೆಯವರಿಗೆ ಅದು ಗಾಳಿ ಸೋಕಿದಂತೆ ಕಾಣುತ್ತದೆ. ಸರಿಯಾದ ಔಷಧಿ ಇಲ್ಲದ ಕಾಲದಲ್ಲಿ ಈ ಸ್ಥಿತಿಗೆ ಬಿದ್ದವರಲ್ಲಿ ಮೂರನೇ ಒಂದು ಭಾಗದವರೆಗೂ ಸಾಯುತ್ತಿದ್ದರು. ಈಗ ಚಿಕಿತ್ಸೆ ಸಿಕ್ಕರೆ ಸಾವು ನೂರಕ್ಕೆ ಐದಕ್ಕಿಂತ ಕಡಿಮೆ.

ಇದು ಪುಸ್ತಕದ ಮಾತಾಗಿ ಉಳಿಯದೆ ಇಡೀ ರಾಜ್ಯದ ಕಣ್ಣೆದುರು ನಡೆದದ್ದು 2020ರ ವಸಂತದಲ್ಲಿ. ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಂತು, ಬಾರು, ವೈನ್ ಶಾಪು, ಎಂಎಸ್ಐಎಲ್ ಎಲ್ಲಕ್ಕೂ ಬೀಗ. ಅಂಗಡಿಗಳು ಮತ್ತೆ ತೆರೆದದ್ದು ಮೇ 4ರಂದು. ಕುಡಿತ ಬಿಡಲು ಇದಕ್ಕಿಂತ ಒಳ್ಳೆ ಕಾಲ ಸಿಗದು ಎಂದು ಎಷ್ಟೋ ಮಂದಿ ಸಂತೋಷಪಟ್ಟರು. ಆದರೆ ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ನಿಮ್ಹಾನ್ಸ್‌ನ ವೈದ್ಯರು ಕೂಡಿಸಿ ನೋಡಿದಾಗ, ತೀವ್ರ ಹಿಂತೆಗೆತದಿಂದ, ಎಂದರೆ ಕುಡಿತ ನಿಂತಾಗಿನ ಈ ಕಾಟದಿಂದ, ಬರುವ ರೋಗಿಗಳ ಸಂಖ್ಯೆ ದಿನಕ್ಕೆ ಸರಾಸರಿ 4ರಿಂದ 8ಕ್ಕೆ ಏರಿತ್ತು. ಯಾರೂ ಯೋಜಿಸದ ಪ್ರಯೋಗ ಅದು. ಸಿಗದಂತೆ ಮಾಡಿದರೆ ಬಿಡುತ್ತಾರೆ ಎಂಬುದು ಕೆಲವರ ಮಟ್ಟಿಗೆ ನಿಜ. ಮಿದುಳು ಆಗಲೇ ಹಗ್ಗ ಹಿಡಿದು ನಿಂತವರ ಮಟ್ಟಿಗೆ ಅದು ಅಪಾಯ.

ಈ ವಾರಕ್ಕೆ ಬೇಕಾದ ಔಷಧಿ ದುಬಾರಿಯದ್ದಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಂ, ಯಕೃತ್ತು ಕೆಟ್ಟವರಿಗೆ ಲೊರಾಜೆಪಾಂ. ಇವು ಗಾಬಾದ ಕೆಲಸವನ್ನು ಕೆಲವು ದಿನ ತಾವು ವಹಿಸಿಕೊಂಡು, ವೈದ್ಯರು ಪ್ರಮಾಣ ಇಳಿಸುತ್ತಾ ಬಂದ ಹಾಗೆ ಮೆಲ್ಲಗೆ ಕೈಬಿಡುತ್ತವೆ. ಮನೆಯಲ್ಲಿ ತಾವೇ ತಂದು ನುಂಗುವ ಮಾತ್ರೆಗಳಲ್ಲ ಇವು. ಅವೂ ಚಟ ಹತ್ತಿಸುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರಾಟ ನಿಲ್ಲಬಹುದು.

ಇನ್ನೊಂದು ಔಷಧಿ ಇದಕ್ಕಿಂತಲೂ ಅಗ್ಗ, ಮತ್ತು ಹಳ್ಳಿಯ ಕ್ಲಿನಿಕ್ಕುಗಳಲ್ಲಿ ಹೆಚ್ಚು ಮರೆತುಹೋಗುವಂಥದ್ದು: ಥಯಾಮಿನ್, ಬಿ1 ಜೀವಸತ್ವ. ಹೆಚ್ಚು ಕುಡಿಯುವವನು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರ ಥಯಾಮಿನ್ನನ್ನು ಕರುಳು ಹೀರಿಕೊಳ್ಳುವುದಿಲ್ಲ. ಅದು ತೀರಾ ತಳಮುಟ್ಟಿದಾಗ ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಸರಿಯಾಗಿ ಹೊರಳದು, ಮಾತು ಗೊಂದಲವಾಗುತ್ತದೆ. ಜರ್ಮನಿಯ ಕಾರ್ಲ್ ವೆರ್ನಿಕೆ 1881ರಲ್ಲಿ ಇದನ್ನು ವಿವರಿಸಿದ. ನೋಡುವವರು 'ಇನ್ನೂ ಇಳಿದಿಲ್ಲ' ಎಂದುಕೊಂಡು ಮಲಗಿಸಿಬಿಡುತ್ತಾರೆ, ಎಚ್ಚರವಾಗುವಷ್ಟರಲ್ಲಿ ನೆನಪಿನ ಶಕ್ತಿ ಕಾಯಮ್ಮಾಗಿ ಹೋಗಿರಬಹುದು. ಸುಸ್ತಾದವನಿಗೆ 'ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಸಿ' ಎನ್ನುವುದು ನಮ್ಮೂರುಗಳ ಸರ್ವರೋಗ ಪರಿಹಾರ. ಗ್ಲೂಕೋಸನ್ನು ಸುಡಲು ದೇಹಕ್ಕೆ ಥಯಾಮಿನ್ನೇ ಬೇಕು. ಹಾಗಾಗಿ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಬಾಟ್ಲಿ ಹಾಕುವ ಮುಂಚೆ 'ಇವರು ದಿನಾ ಕುಡೀತಾರೆ' ಎಂದು ಹೇಳಲು ಮನೆಯವರು ನಾಚಬಾರದು.

ಶ್ರಾವಣಕ್ಕೆ ಬಿಡುವವರು, ಮಾಲೆಗೆ ಬಿಡುವವರು ನಮ್ಮಲ್ಲಿ ಬಹಳ. ನಲವತ್ತೊಂದು ದಿನ ಶುದ್ಧವಾಗಿದ್ದು ಇರುಮುಡಿ ಇಳಿಸಿ ಬಂದ ವಾರದಲ್ಲೇ ಮತ್ತೆ ಅಂಗಡಿಯ ಮುಂದೆ. ಇದನ್ನು ಆಡಿಕೊಳ್ಳುವುದು ಸುಲಭ. ನನಗೆ ಅದರಲ್ಲಿ ಎರಡು ಸಂಗತಿ ಕಾಣುತ್ತವೆ. ಮೊದಲನೆಯದು, ನಲವತ್ತೊಂದು ದಿನ ಬಿಡಬಲ್ಲೆ ಎಂಬುದಕ್ಕೆ ಅದು ಅವನ ಕೈಯಲ್ಲೇ ಇರುವ ಸಾಕ್ಷಿ. ಯಾವ ಆಪ್ತಸಲಹೆಗಾರನೂ ಅದನ್ನು ಬಳಸಿಕೊಳ್ಳದೆ ಇರಬಾರದು. ಎರಡನೆಯದು ಎಚ್ಚರಿಕೆಯದ್ದು. ಬ್ಯಾಲೆಂಜರ್ ಮತ್ತು ಪೋಸ್ಟ್ ಎಂಬ ಇಬ್ಬರು ಸಂಶೋಧಕರು 1978ರಲ್ಲಿ ಮುಂದಿಟ್ಟ ವಿಚಾರದ ಪ್ರಕಾರ, ಬಿಡುವುದು ಮತ್ತೆ ಹಿಡಿಯುವುದು ಪದೇ ಪದೇ ನಡೆದರೆ ಪ್ರತಿ ಸಲದ ಹಿಂತೆಗೆತವೂ ಹಿಂದಿನದಕ್ಕಿಂತ ಬಿರುಸಾಗುತ್ತದೆ. ಹೋದ ವರ್ಷ ಬರೀ ನಡುಕದಲ್ಲಿ ಮುಗಿದದ್ದು ಈ ವರ್ಷ ಫಿಟ್ಸ್ ಆಗಬಹುದು. 'ಹೋದ್ಸಲ ಏನೂ ಆಗ್ಲಿಲ್ಲ' ಎಂಬುದು ಧೈರ್ಯಕ್ಕೆ ಆಧಾರವಲ್ಲ.

ಶಿಬಿರದ ವಿಚಾರ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಸೇರಿ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರ ನಡೆಸಿವೆ. ಊರಿನ ಕಲ್ಯಾಣಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ವಾಸ್ತವ್ಯ. ಊರಿನವರದೇ ಸಮಿತಿ, ಊರಿನವರದೇ ಅಕ್ಕಿ ಬೇಳೆ. ಹೆಸರು ಬರೆಸುವವರು ಹೆಚ್ಚಾಗಿ ಸ್ವಸಹಾಯ ಸಂಘದ ಹೆಂಗಸರು. ಬೆಳಗ್ಗೆ ಯೋಗ, ಭಜನೆ, ಆಪ್ತಸಲಹೆ, ವೈದ್ಯರ ತಪಾಸಣೆ, ಒಂದು ದಿನ ಮನೆಯವರ ಭೇಟಿ. ಮುಗಿದ ಮೇಲೆ ನವಜೀವನ ಸಮಿತಿ ಎಂಬ ಗುಂಪು, ನೂರು ದಿನಕ್ಕೆ ಶತದಿನೋತ್ಸವ. ಭಜನೆ ಹೇಳಿಸಿ ಕುಡಿತ ಬಿಡಿಸುತ್ತಾರಂತೆ ಎಂದು ಪೇಟೆಯವರು ನಗುವುದುಂಟು. ನಗುವ ಮುಂಚೆ ಎಂಟು ದಿನವೆಂಬುದನ್ನು ಗಮನಿಸಬೇಕು: ಮೂರನೆಯ ರಾತ್ರಿ ಅದರೊಳಗೆ ಬಂದು ಹೋಗುತ್ತದೆ, ಸುತ್ತ ಜನ ಇರುವಾಗ, ವೈದ್ಯರ ಕಣ್ಣಿರುವಾಗ. ಮನೆಯಲ್ಲಿ ಒಬ್ಬನೇ ಕಂಬಳಿ ಹೊದ್ದು ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಹಿಂದೆ ಫಿಟ್ಸ್ ಬಂದವರು, ಯಕೃತ್ತು ಕೆಟ್ಟು ಕಣ್ಣು ಹಳದಿಯಾದವರು, ಹೃದಯದ ತೊಂದರೆಯವರು ಮಾತ್ರ ಮೊದಲು ಆಸ್ಪತ್ರೆಗೇ ಹೋಗಬೇಕು; ಮಂಟಪ ಆಮೇಲೆ.

ಇಂಥದ್ದೇ ಕೆಲಸ ಮದ್ರಾಸಿನ ಟಿಟಿಕೆ ಆಸ್ಪತ್ರೆಯ ಶಾಂತಿ ರಂಗನಾಥನ್ 1989ರಲ್ಲಿ ತಂಜಾವೂರು ಸೀಮೆಯ ಮಂಜಕ್ಕುಡಿಯಲ್ಲಿ ಶುರು ಮಾಡಿದ್ದರು. ರೋಗಿಯನ್ನು ಊರಿಂದ ಆಸ್ಪತ್ರೆಗೆ ಒಯ್ಯುವ ಬದಲು ಚಿಕಿತ್ಸೆಯನ್ನೇ ಊರಿಗೆ ತಂದರು. ಯಾರು ಬಿಟ್ಟರು, ಯಾರು ಮತ್ತೆ ಬಿದ್ದರು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಮಾನ ಹೋಗುವ ಭಯವೂ ಉಂಟು, ಬೆನ್ನಿಗೆ ನಿಲ್ಲುವ ಊರೂ ಉಂಟು. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ 'ನಿಮ್ಮ ಚಟ ಇದಕ್ಕೆ ಹಾಕಿ' ಎಂದು ಬೇಡಿದ್ದರ ಬಲವೂ ಇದೇ: ಹತ್ತು ಜನರ ಎದುರು ಆಡಿದ ಮಾತು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ.

ಶಿಬಿರದ ಸಮಾರೋಪದ ಫೋಟೋದಲ್ಲಿರುವ ಎಲ್ಲರೂ ಬಿಟ್ಟವರೇ. ಎಣಿಸಬೇಕಾದದ್ದು ವರ್ಷವಾದ ಮೇಲೆ. ಅಡಿಕೆ ಕೊಯ್ಲಿನ ಕಾಲ, ಮೆಕ್ಕೆಜೋಳದ ದುಡ್ಡು ಕೈಗೆ ಬರುವ ಕಾಲ, ಕೂಲಿ ಬಟವಾಡೆಯ ಸಂಜೆ, ಹಬ್ಬದ ಮರುದಿನದ ಬಾಡೂಟ, ಅದೇ ಗೆಳೆಯರು. ಹಂಬಲವೆಂಬುದು ಮಿದುಳಿನಲ್ಲಿ ಸುಮ್ಮನೆ ಹುಟ್ಟುವುದಿಲ್ಲ, ಜಾಗ ಮತ್ತು ಹೊತ್ತಿಗೆ ಅಂಟಿಕೊಂಡು ಬರುತ್ತದೆ. ಇಲ್ಲಿಂದ ಶುರುವಾಗುವುದು ವರ್ಷದ ದಾರಿ.

ಮಾತ್ರೆಗಳಲ್ಲಿ ನಮ್ಮವರಿಗೆ ಹೆಚ್ಚು ಪರಿಚಿತವಾದದ್ದು ಡೈಸಲ್ಫಿರಾಮ್. ಅದರ ಹುಟ್ಟೇ ಒಂದು ತಮಾಷೆ. ಕೋಪನ್‌ಹೇಗನ್ನಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಎಂಬಿಬ್ಬರು ಹೊಟ್ಟೆಹುಳಕ್ಕೆ ಔಷಧಿ ಹುಡುಕುತ್ತಾ ಅದನ್ನು ತಾವೇ ನುಂಗಿ ನೋಡಿದರು. ಆಮೇಲೆ ಎಂದಿನಂತೆ ಕುಡಿದಾಗ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿ. 1948ರಲ್ಲಿ ಅದು ಕುಡಿತದ ಔಷಧಿಯೆಂದು ಪ್ರಕಟವಾಯಿತು. ಆಲ್ಕೋಹಾಲ್ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ನಿರಪಾಯದ ಅಸಿಟೇಟ್ ಆಗುತ್ತದೆ. ಈ ಎರಡನೆಯ ಹೆಜ್ಜೆಯನ್ನು ಡೈಸಲ್ಫಿರಾಮ್ ತಡೆಯುತ್ತದೆ. ಕೊನೆಯ ಮಾತ್ರೆ ನುಂಗಿ ಎರಡು ವಾರದವರೆಗೂ ಅದರ ಪ್ರಭಾವ ಇರಬಹುದು.

ನನಗೆ ಬಹಳ ಕುತೂಹಲ ಹುಟ್ಟಿಸಿದ್ದು 2014ರ ಒಂದು ಸಮಗ್ರ ವಿಶ್ಲೇಷಣೆ. ತಾನು ನುಂಗುತ್ತಿರುವುದು ಡೈಸಲ್ಫಿರಾಮ್ ಎಂದು ರೋಗಿಗೆ ಗೊತ್ತಿದ್ದ ಪ್ರಯೋಗಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ಗೊತ್ತಿಲ್ಲದಂತೆ ಮಾಡಿದ ಪ್ರಯೋಗಗಳಲ್ಲಿ ಬೇರೆ ಮಾತ್ರೆಗಿಂತ ಮೇಲೆನಿಸಲಿಲ್ಲ. ಎಂದರೆ ಈ ಔಷಧಿಯ ಕೆಲಸ ನಡೆಯುವುದು ಹೊಟ್ಟೆಯಲ್ಲಲ್ಲ, 'ಇವತ್ತು ಕುಡಿದರೆ ಸತ್ತೆ' ಎಂಬ ಅರಿವಿನಲ್ಲಿ. ಬೆಳಗ್ಗೆ ಹೆಂಡತಿಯ ಎದುರು ನೀರಿನಲ್ಲಿ ಕರಗಿಸಿ ಕುಡಿದರೆ ಆ ದಿನದ ನಿರ್ಧಾರ ಒಂದೇ ಸಲಕ್ಕೆ ಮುಗಿಯುತ್ತದೆ. ಸಂಜೆ ಬಾರಿನ ಮುಂದೆ ನಿಂತು ಮತ್ತೆ ನಿರ್ಧರಿಸುವ ಕೆಲಸವಿಲ್ಲ.

ಹಾಗಿರುವಾಗ 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು' ಎಂಬ ಜಾಹೀರಾತಿಗೆ ಏನೆನ್ನಬೇಕು? ಸಾರಿನಲ್ಲಿ ಬೆರೆಸಿ, ಮಜ್ಜಿಗೆಯಲ್ಲಿ ಬೆರೆಸಿ ಎನ್ನುತ್ತಾರೆ. ಪುಡಿಯಲ್ಲಿ ಏನಿದೆಯೆಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಡೈಸಲ್ಫಿರಾಮ್ ಇದ್ದರೆ, ಗೊತ್ತಿಲ್ಲದೆ ಉಂಡವನು ಎಂದಿನಂತೆ ಎರಡು ನೈಂಟಿ ಏರಿಸಿದಾಗ ರಕ್ತದೊತ್ತಡ ಕುಸಿದು ಹೃದಯ ನಿಲ್ಲಲೂಬಹುದು. ಇಲ್ಲದಿದ್ದರೆ ದುಡ್ಡು ಹೋಯಿತು. ತಾಳಿ ಅಡವಿಟ್ಟು ಈ ಪುಡಿ ತರಿಸುವ ಹೆಂಗಸನ್ನು ನಾನು ದೂರಲಾರೆ. ಗೋಡೆಗೆ ಬರೆದವನನ್ನು ಧಾರಾಳವಾಗಿ ದೂರುತ್ತೇನೆ.

ಬೇರೆ ಮಾತ್ರೆಗಳೂ ಇವೆ. ನಾಲ್ಟ್ರೆಕ್ಸೋನ್ ಕುಡಿತದ ಸುಖಕ್ಕೆ ಕಾರಣವಾದ ಓಪಿಯಾಯ್ಡ್ ಗ್ರಾಹಕಗಳನ್ನು ಮುಚ್ಚುತ್ತದೆ. ಅಮೆರಿಕದಲ್ಲಿ 1994ರಿಂದ ಬಳಕೆಯಲ್ಲಿದೆ. ಅಕಾಂಪ್ರೊಸೇಟ್ ಕೆರಳಿದ ಗ್ಲುಟಮೇಟನ್ನು ಶಮನಗೊಳಿಸುತ್ತದೆ, ಯಕೃತ್ತನ್ನು ಮುಟ್ಟದೆ ಮೂತ್ರಪಿಂಡದ ಮೂಲಕ ಹೋಗುತ್ತದೆ. ಆದರೆ ದಿನಕ್ಕೆ ಮೂರು ಹೊತ್ತು ಎರಡೆರಡು ಮಾತ್ರೆ. ತೋಟದ ಕೆಲಸಕ್ಕೆ ಹೋಗುವವನು ನೆನಪಿಟ್ಟುಕೊಳ್ಳುವುದು ಕಷ್ಟ. 2014ರ ಇನ್ನೊಂದು ದೊಡ್ಡ ವಿಶ್ಲೇಷಣೆಯಂತೆ 12 ಮಂದಿಗೆ ಅಕಾಂಪ್ರೊಸೇಟ್ ಕೊಟ್ಟರೆ ಮತ್ತೆ ಕುಡಿತಕ್ಕೆ ಬೀಳದಂತೆ ಒಬ್ಬ ಹೆಚ್ಚಾಗಿ ಉಳಿಯುತ್ತಾನೆ. ಕಡಿಮೆಯೆನಿಸಬಹುದು. ವೈದ್ಯಕೀಯದಲ್ಲಿ ನಾವು ನೆಚ್ಚಿಕೊಂಡಿರುವ ಎಷ್ಟೋ ಮಾತ್ರೆಗಳ ಲೆಕ್ಕ ಇದಕ್ಕಿಂತ ಬಡವಾಗಿದೆ.

ಯಾವ ಪಂಥ ಮೇಲು ಎಂಬ ಜಗಳವನ್ನು ತೀರ್ಮಾನಿಸಲೆಂದೇ ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾಚ್ ಎಂಬ ಅಧ್ಯಯನ ನಡೆಯಿತು. 1,726 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಹನ್ನೆರಡು ಮೆಟ್ಟಿಲಿನ ದಾರಿ, ಇನ್ನೊಂದಕ್ಕೆ ಯೋಚನೆ ಮತ್ತು ನಡವಳಿಕೆ ತಿದ್ದುವ ಚಿಕಿತ್ಸೆ, ಮೂರನೆಯದಕ್ಕೆ ಬರೀ ನಾಲ್ಕು ಭೇಟಿಯಲ್ಲಿ ಅವನ ಮನಸ್ಸನ್ನೇ ಎಬ್ಬಿಸುವ ಮಾತುಕತೆ. ಇಂಥವನಿಗೆ ಇಂಥದ್ದೇ ಹೊಂದುತ್ತದೆ ಎಂಬ ಕೋಷ್ಟಕ ಸಿಗುತ್ತದೆಂದು ಎಲ್ಲರೂ ಕಾದಿದ್ದರು. 1997ರಲ್ಲಿ ಫಲಿತಾಂಶ ಬಂದಾಗ ಮೂರೂ ಹೆಚ್ಚುಕಮ್ಮಿ ಸಮ. ತಿಂಗಳಿಗೆ 25 ದಿನ ಕುಡಿಯುತ್ತಿದ್ದವರು 6 ದಿನಕ್ಕಿಂತ ಕೆಳಗೆ ಇಳಿದಿದ್ದರು, ಯಾವ ಗುಂಪಿನಲ್ಲಿದ್ದರೂ ಸರಿ. ಕೋಷ್ಟಕ ಸಿಗಲಿಲ್ಲ. ಸಿಕ್ಕ ಒಂದೆರಡು ಹೊಂದಾಣಿಕೆಗಳಲ್ಲಿ ಒಂದು ನಮ್ಮೂರಿಗೆ ಬೇಕಾದದ್ದು: ಸುತ್ತಲಿನ ಗೆಳೆಯರೆಲ್ಲ ಕುಡಿಯುವವರೇ ಆಗಿದ್ದವರಿಗೆ ಮೂರು ವರ್ಷದ ನಂತರ ಹೆಚ್ಚು ಕೈಹಿಡಿದದ್ದು ಸಂಘದ ದಾರಿ. ಹೊಸ ಗೆಳೆಯರನ್ನು ಕೊಡುವುದು ಆ ದಾರಿಯೊಂದೇ ತಾನೇ!

ಆ ಸಂಘ ಹುಟ್ಟಿದ್ದು 1935ರಲ್ಲಿ, ಓಹಿಯೋದ ಆಕ್ರನ್ ಊರಿನಲ್ಲಿ, ಕುಡಿತದಿಂದ ಸೋತ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ ಪರಸ್ಪರ ಮಾತಾಡಿದ್ದರಿಂದ. ಭಾರತಕ್ಕೆ ಬಂದದ್ದು 1957ರಲ್ಲಿ. ಅದರ ಬಗ್ಗೆ ವಿಜ್ಞಾನಿಗಳಿಗೆ ಬಹುಕಾಲ ಗುಮಾನಿ ಇತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ತೂಗಿ ನೋಡಿದಾಗ, ವರ್ಷದ ಕೊನೆಗೆ ಪೂರ್ತಿ ಬಿಟ್ಟು ಉಳಿದವರು ಆ ದಾರಿಯಲ್ಲಿ ಶೇ 42, ಬೇರೆ ಚಿಕಿತ್ಸೆಗಳಲ್ಲಿ ಶೇ 35. ನವಜೀವನ ಸಮಿತಿಯ ಚಾಪೆಯ ಮೇಲೆ ಕೂತವರು ಆಕ್ರನ್ನಿನ ಹೆಸರು ಕೇಳಿರಲಾರರು, ಮಾಡುತ್ತಿರುವುದು ಮಾತ್ರ ಬಹುಪಾಲು ಅದನ್ನೇ.

ದಿನಾ ಕುಡಿಯದ, ಕೈ ನಡುಗದ, ಆದರೆ ಕುಡಿದಾಗ ಮನೆ ರಣರಂಗ ಮಾಡುವವರು ಇನ್ನೊಂದು ಬಗೆ. ಅವರಿಗೆ ಶಿಬಿರವೂ ಬೇಡ, ಆಸ್ಪತ್ರೆಯ ಹಾಸಿಗೆಯೂ ಬೇಡ. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥ 377 ಗಂಡಸರ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ನಾಲ್ಕು ಸಲದವರೆಗೆ ಕೂತು ಮಾತಾಡಿದರು, ಅಷ್ಟೇ. ಮೂರು ತಿಂಗಳ ನಂತರ ಅಪಾಯದ ಮಟ್ಟದಿಂದ ಹೊರಬಂದವರು ಶೇ 36. ಮಾತುಕತೆ ಸಿಗದವರಲ್ಲಿ ಶೇ 26. ಬೆಳಗುತ್ತಿಯಲ್ಲೋ ಸವಳಂಗದಲ್ಲೋ ಮಾಡಲಾಗದಂಥದ್ದು ಇದರಲ್ಲಿ ಏನೂ ಇಲ್ಲ.

ಸರ್ಕಾರದ ದಾರಿಯನ್ನೂ ಹೇಳಿಬಿಡಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. 2019ರ ಜನವರಿಯಲ್ಲಿ ಹಳ್ಳಿಯ ಹೆಂಗಸರು ಪಕ್ಕದ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದು ಪೂರ್ತಿ ನಿಷೇಧ ಕೇಳಿದರು. ಅಬಕಾರಿಯಿಂದ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಣಿಸುವ ಖಜಾನೆ ಅದಕ್ಕೆ ಕಿವಿಗೊಡಲಿಲ್ಲ. ನಿಷೇಧದ ಪರ ವಿರೋಧ ಬೇರೆಯದೇ ಅಧ್ಯಾಯ. ಆದರೆ ಆ ಹಣದ ಒಂದು ಚೂರಾದರೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಯಾಗಿ, ಒಬ್ಬ ಆಪ್ತಸಲಹೆಗಾರನಾಗಿ ತಿರುಗಿ ಬರಬೇಕೆಂದು ಕೇಳಲು ಗಾಂಧಿವಾದಿಯಾಗಬೇಕಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಅವಲಂಬಿತರಾದ ಸುಮಾರು 2.9 ಕೋಟಿ ಜನರಲ್ಲಿ ಯಾವುದಾದರೂ ಚಿಕಿತ್ಸೆ ಕಂಡವರು 38ಕ್ಕೆ ಒಬ್ಬರು.

ಆ ಖಾಲಿ ಜಾಗದಲ್ಲೇ ಖಾಸಗಿ ವ್ಯಸನಮುಕ್ತಿ ಕೇಂದ್ರಗಳು ಹುಟ್ಟುತ್ತವೆ. ಒಳ್ಳೆಯವೂ ಇವೆ. ರಾತ್ರಿ ಜೀಪು ತಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕುವಂಥವೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯವ್ಯಸನವನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ; ಕೇಂದ್ರ ನೋಂದಣಿಯಾಗಿರಬೇಕು, ಸರಪಳಿ ಹಾಕುವಂತಿಲ್ಲ. ಸೇರಿಸುವ ಮುನ್ನ ನೋಂದಣಿ ಪತ್ರ ತೋರಿಸಿ ಎನ್ನಿ. ಮೊದಲ ವಾರ ನೋಡುವ ವೈದ್ಯರು ಯಾರು, ಬಿಡುಗಡೆಯಾದ ಮೇಲೆ ವಾರಕ್ಕೊಮ್ಮೆ ಫೋನು ಮಾಡುವವರು ಯಾರು ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ತಡವರಿಸಿದರೆ ದುಡ್ಡು ಕಟ್ಟಬೇಡಿ.

ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಟೆಲಿ ಮನಸ್‌ನ ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಯಾರ ಬಳಿ ಹೋದರೂ ಅವರು ಮೊದಲು ಕೇಳುವುದು ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಬೆಳಗ್ಗೆ ಎದ್ದಾಗ ಬೇಕಾಗುತ್ತದೆಯೇ, ಹಿಂದೆ ಬಿಟ್ಟಿದ್ದಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದೇನಾದರೂ ಕಂಡಿತ್ತೇ ಎಂದು. ಕೊನೆಯ ಎರಡಕ್ಕೆ ಕುಡಿದವನಿಂದ ಉತ್ತರ ಸಿಗುವುದು ಅಪರೂಪ, ಅವನಿಗದು ನೆನಪಿರುವುದಿಲ್ಲ. ಆ ರಾತ್ರಿ ಪಕ್ಕದಲ್ಲಿ ಎಚ್ಚರವಿದ್ದವರು ಹೆಂಡತಿಯೋ ತಾಯಿಯೋ, ಅವರನ್ನೂ ಜೊತೆಗೆ ಕರೆದೊಯ್ಯಬೇಕು.